ನಾಯಕನ ಆಯ್ಕೆಯಲ್ಲಿ ಸೋತವರ ಪಾಲು

2023ರ ಮೇ 13ರಂದು, ಶನಿವಾರ, ಕರ್ನಾಟಕದ ಮತ ಎಣಿಕೆ ಮುಗಿದಾಗ ಕಾಂಗ್ರೆಸ್ ಕೈಯಲ್ಲಿ 135 ಸ್ಥಾನಗಳಿದ್ದವು. 224 ಸ್ಥಾನಗಳ ಸದನದಲ್ಲಿ ಬಹುಮತಕ್ಕೆ ಬೇಕಿದ್ದದ್ದು 113. ಬಹುಮತದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ಹೊರಗಿನವರ ಬೆಂಬಲ ಬೇಕಿರಲಿಲ್ಲ. ಆದರೂ ಮುಖ್ಯಮಂತ್ರಿ ಯಾರೆಂದು ಪಕ್ಷ ಅಧಿಕೃತವಾಗಿ ಹೇಳಿದ್ದು 18ರ ಗುರುವಾರ. ನಡುವಿನ ದಿನಗಳಲ್ಲಿ ಬೆಂಗಳೂರಿನಲ್ಲಿ ಒಂದು ಸಭೆ, ದೆಹಲಿಯಲ್ಲಿ ಹತ್ತಾರು ಸಭೆಗಳು ನಡೆದವು. ಇಷ್ಟು ಸಮಯ ಯಾಕೆ ಹಿಡಿಯುತ್ತದೆ ಎಂದು ಕೇಳುವವರು ಸಾಮಾನ್ಯವಾಗಿ ನಾಯಕ ಯಾರಾಗಬೇಕು ಎಂಬ ಪ್ರಶ್ನೆಯನ್ನಷ್ಟೇ ನೋಡುತ್ತಾರೆ. ಆ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತದೆ. ನಾಯಕನಾಗದೆ ಉಳಿದವರಿಗೆ ಏನು ಕೊಡಬೇಕು, ಅದನ್ನು ಯಾರು ಹೇಳಬೇಕು, ಮುಂದೆ ಕೊಡದಿದ್ದರೆ ಯಾರನ್ನು ಕೇಳಬೇಕು ಎಂಬುದನ್ನು ಇತ್ಯರ್ಥ ಮಾಡಲು ದಿನಗಳು ಬೇಕಾಗುತ್ತವೆ. ಪಕ್ಷದ ಒಗ್ಗಟ್ಟು ನಿಲ್ಲುವುದೂ ಮುರಿಯುವುದೂ ಅಲ್ಲೇ. ಕರ್ನಾಟಕದ ನಲವತ್ತು ವರ್ಷಗಳ ಉದಾಹರಣೆಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಇದು ನಿಚ್ಚಳವಾಗಿ ಕಾಣುತ್ತದೆ.

ಮೊದಲು ಕಾನೂನು. ಸಂವಿಧಾನದ 164(1)ನೇ ವಿಧಿ ಹೇಳುವುದು ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ ಎಂದಷ್ಟೇ. ಶಾಸಕಾಂಗ ಪಕ್ಷ ತನ್ನ ನಾಯಕನನ್ನು ಹೇಗೆ ಆರಿಸಬೇಕು, ಎಷ್ಟು ದಿನದೊಳಗೆ ಆರಿಸಬೇಕು, ಕೈ ಎತ್ತಿಯೋ ಚೀಟಿ ಹಾಕಿಯೋ ಎಂಬ ಬಗ್ಗೆ ಒಂದು ಮಾತೂ ಇಲ್ಲ. ಮುಖ್ಯಮಂತ್ರಿಯಾಗುವವರು ಆ ದಿನ ಶಾಸಕರಾಗಿರಲೇಬೇಕು ಎಂದೂ ಇಲ್ಲ. 164(4)ರ ಪ್ರಕಾರ ಆರು ತಿಂಗಳೊಳಗೆ ವಿಧಾನಸಭೆ, ವಿಧಾನ ಪರಿಷತ್ತು ಎಂಬ ಎರಡು ಮನೆಗಳಲ್ಲಿ ಒಂದಕ್ಕೆ ಆರಿಸಿ ಬಂದರೆ ಸಾಕು. ಗಡುವು ಇದ್ದರೆ ಅದು ಹಳೆಯ ವಿಧಾನಸಭೆಯ ಅವಧಿ ಮುಗಿಯುವ ದಿನ. 2023ರಲ್ಲಿ ಅದು ಮೇ 24. ಅಂದರೆ ಕಾಂಗ್ರೆಸ್‌ಗೆ ಇದ್ದದ್ದು ಹನ್ನೊಂದು ದಿನ. ಪ್ರಮಾಣವಚನ ನಡೆದದ್ದು ಏಳನೆಯ ದಿನ, ಮೇ 20ರಂದು ಕಂಠೀರವ ಕ್ರೀಡಾಂಗಣದಲ್ಲಿ.

ಇನ್ನೊಂದು ಅಂಶ ಬಹಳ ಜನರಿಗೆ ಗೊತ್ತಿಲ್ಲ. ಶಾಸಕಾಂಗ ಪಕ್ಷದ ಸಭೆ ಸದನದ ಕಲಾಪ ಅಲ್ಲ. ಅಲ್ಲಿ ಯಾರಿಗೆ ಮತ ಹಾಕಿದರೂ ಹತ್ತನೇ ಅನುಸೂಚಿಯ ಪಕ್ಷಾಂತರ ನಿಷೇಧ ಅನ್ವಯಿಸುವುದಿಲ್ಲ, ಏಕೆಂದರೆ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶದ ಉಲ್ಲಂಘನೆ ಎಂಬುದು ಸದನದೊಳಗಿನ ಮತಕ್ಕೆ ಸಂಬಂಧಿಸಿದ್ದು. ಹಾಗಾಗಿ ನಾಯಕನ ಆಯ್ಕೆಯ ಹೊತ್ತಿನಲ್ಲಿ ಶಾಸಕನಿಗೆ ಇರುವ ಸ್ವಾತಂತ್ರ್ಯ ಆಮೇಲಿನ ಐದು ವರ್ಷಗಳಲ್ಲಿ ಎಂದೂ ಇರುವುದಿಲ್ಲ. ಈ ಗೆರೆ ಎಷ್ಟು ಸೂಕ್ಷ್ಮ ಎಂಬುದಕ್ಕೆ 2010ರ ಅಕ್ಟೋಬರ್ ಸಾಕ್ಷಿ. ಬಿಜೆಪಿಯ 11 ಶಾಸಕರು ಯಡಿಯೂರಪ್ಪನವರ ನಾಯಕತ್ವಕ್ಕೆ ತಮ್ಮ ಬೆಂಬಲವಿಲ್ಲ ಎಂದು ರಾಜ್ಯಪಾಲರಿಗೆ ಪತ್ರ ಕೊಟ್ಟರು. ವಿಶ್ವಾಸಮತದ ಹಿಂದಿನ ದಿನ ಸ್ಪೀಕರ್ ಅವರನ್ನು ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಬಾಲಚಂದ್ರ ಜಾರಕಿಹೊಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ನಾಯಕ ಬೇಡ ಎನ್ನುವುದು ಪಕ್ಷವೇ ಬೇಡ ಎಂದಂತಾಗುವುದಿಲ್ಲ ಎಂಬುದು ಆ ಶಾಸಕರ ವಾದವಾಗಿತ್ತು. ಭಿನ್ನಮತ ಮತ್ತು ಪಕ್ಷಾಂತರ ಎರಡೂ ಬೇರೆ ಎಂಬ ಈ ತಿಳಿವಳಿಕೆ ಪ್ರತಿ ಪಕ್ಷದ ಕಚೇರಿಯಲ್ಲೂ ಇರಬೇಕು. ಭಿನ್ನಮತಕ್ಕೆ ಕೂತು ಮಾತಾಡುವ ಜಾಗ ಇಲ್ಲದಿದ್ದಾಗ ಅದು ಪಕ್ಷಾಂತರದ ದಾರಿ ಹಿಡಿಯುತ್ತದೆ.

ಈಗ ಸಭೆಯ ಒಳಗೆ ಬರೋಣ. ಫಲಿತಾಂಶದ ದಿನ ಅಥವಾ ಮರುದಿನವೇ ಗೆದ್ದವರೆಲ್ಲರಿಗೂ ಬೆಂಗಳೂರಿಗೆ ಬರಲು ಕರೆ ಹೋಗುತ್ತದೆ. ಹೈಕಮಾಂಡ್ ವೀಕ್ಷಕರನ್ನು ಕಳಿಸುತ್ತದೆ. 2023ರಲ್ಲಿ ಸುಶೀಲ್ ಕುಮಾರ್ ಶಿಂಧೆ, ಜಿತೇಂದ್ರ ಸಿಂಗ್, ದೀಪಕ್ ಬಾಬರಿಯಾ ಬಂದಿದ್ದರು. ಸಭೆಗೆ ಬಂದವರು ಹಾಜರಾತಿ ಪುಸ್ತಕದಲ್ಲಿ ಸಹಿ ಮಾಡುತ್ತಾರೆ. ಈ ಸಹಿ ಬರೀ ಔಪಚಾರಿಕ ಅಲ್ಲ. ರಾಜಭವನಕ್ಕೆ ಹೋಗುವ ಪತ್ರಕ್ಕೆ ಇದೇ ಆಧಾರವಾಗುತ್ತದೆ, ಯಾವ ಬಣದ ಎಷ್ಟು ಜನ ಗೈರಾದರು ಎಂಬುದಕ್ಕೂ ಇದೇ ದಾಖಲೆ. ಆಮೇಲೆ ಕಾಂಗ್ರೆಸ್‌ನಲ್ಲಿ ರೂಢಿಯಲ್ಲಿರುವ ಒಂದು ಸಾಲಿನ ನಿರ್ಣಯ ಮಂಡನೆಯಾಗುತ್ತದೆ: ನಾಯಕನ ಆಯ್ಕೆಯ ಅಧಿಕಾರವನ್ನು ಪಕ್ಷದ ಅಧ್ಯಕ್ಷರಿಗೆ ಒಪ್ಪಿಸಲಾಗಿದೆ ಎಂದು. ಮೇ 14ರ ರಾತ್ರಿ ಆದದ್ದು ಅದೇ. ಅಧಿಕಾರ ಮಲ್ಲಿಕಾರ್ಜುನ ಖರ್ಗೆಯವರ ಕೈಗೆ ಹೋಯಿತು. ನಿರ್ಣಯದ ನಂತರ ವೀಕ್ಷಕರು ಶಾಸಕರ ಅಭಿಪ್ರಾಯವನ್ನು ಒಬ್ಬೊಬ್ಬರಿಂದಲೇ ಪಡೆದುಕೊಂಡರು.

ಒಂದು ಸಾಲಿನ ನಿರ್ಣಯವನ್ನು ಗುಲಾಮಗಿರಿ ಎಂದು ಬಯ್ಯುವುದು ಸುಲಭ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗಿಲ್ಲ. ಅದರಿಂದ ಒಂದು ನಿಜವಾದ ಉಪಯೋಗ ಇದೆ: ಇಬ್ಬರು ಆಕಾಂಕ್ಷಿಗಳೂ ಒಂದೇ ಕಾಗದಕ್ಕೆ ಒಪ್ಪಿಗೆ ಕೊಟ್ಟಿರುತ್ತಾರೆ. ನಾಳೆ ತೀರ್ಮಾನ ತಮ್ಮ ವಿರುದ್ಧ ಬಂದಾಗ, ತೀರ್ಮಾನಿಸುವ ಅಧಿಕಾರವನ್ನು ನಾವೇ ಕೊಟ್ಟಿದ್ದೆವು ಎಂಬ ಕಟ್ಟು ಅವರ ಮೇಲಿರುತ್ತದೆ. ಸೋತವರು ತಮ್ಮ ಬೆಂಬಲಿಗರ ಮುಂದೆ ಮುಖ ಉಳಿಸಿಕೊಳ್ಳಲೂ ಆಗುತ್ತದೆ. ಶಾಸಕರು ನನ್ನನ್ನು ತಿರಸ್ಕರಿಸಲಿಲ್ಲ, ವರಿಷ್ಠರು ಹೀಗೆ ಹೇಳಿದರು ಎನ್ನಬಹುದು. ಆದರೆ ಈ ಕಟ್ಟು ಕೆಲಸ ಮಾಡಬೇಕಾದರೆ ನಿರ್ಣಯಕ್ಕೆ ಮೊದಲೇ ಇಬ್ಬರೂ ಒಪ್ಪಿರಬೇಕು. ಒಪ್ಪದಿದ್ದರೆ ಏನಾಗುತ್ತದೆ ಎಂಬುದು 2022ರ ಸೆಪ್ಟೆಂಬರ್ 25ರಂದು ಜೈಪುರದಲ್ಲಿ ಕಂಡಿತು. ವೀಕ್ಷಕರಾಗಿ ಖರ್ಗೆ ಮತ್ತು ಅಜಯ್ ಮಾಕನ್ ಬಂದು ಕೂತಿದ್ದರು. ಆಗ ರಾಜಸ್ಥಾನದ ಮುಖ್ಯಮಂತ್ರಿಯಾಗಿದ್ದ ಅಶೋಕ್ ಗೆಹ್ಲೋಟ್ ಬಣದ ಶಾಸಕರು ಸಭೆಗೆ ಹೋಗದೆ ಸಚಿವ ಶಾಂತಿ ಧಾರಿವಾಲ್ ಮನೆಯಲ್ಲಿ ಸೇರಿ, ಅಲ್ಲಿಂದ ಸ್ಪೀಕರ್ ಬಳಿ ಹೋಗಿ ರಾಜೀನಾಮೆ ಪತ್ರ ಕೊಟ್ಟರು. ಶಾಸಕಾಂಗ ಪಕ್ಷದ ಸಭೆಯೇ ನಡೆಯಲಿಲ್ಲ. ಉತ್ತರ ಮೊದಲೇ ಬರೆದಿಟ್ಟಿದ್ದಾರೆ ಎಂಬ ಅನುಮಾನ ಬಂದರೆ ಶಾಸಕರು ಪ್ರಶ್ನೆ ಕೇಳಲು ಬಂದವರನ್ನು ಭೇಟಿಯಾಗುವುದಿಲ್ಲ.

ಅಭಿಪ್ರಾಯ ಸಂಗ್ರಹದಲ್ಲೂ ಒಂದು ದೋಷ ಪದೇ ಪದೇ ಆಗುತ್ತದೆ. ಯಾರು ಮುಖ್ಯಮಂತ್ರಿ ಆಗಬೇಕು ಎಂದು ಮಾತ್ರ ಕೇಳುತ್ತಾರೆ. ಅವರಾಗದಿದ್ದರೆ ಯಾರು ಎಂದು ಕೇಳುವುದಿಲ್ಲ. 135 ಶಾಸಕರಲ್ಲಿ ಮೂವರು ಆಕಾಂಕ್ಷಿಗಳಿಗೆ 50, 45, 40 ಎಂದು ಬಿದ್ದಿದೆ ಎಂದುಕೊಳ್ಳಿ. ಮೊದಲ ಆಯ್ಕೆ ಮಾತ್ರ ನೋಡಿದರೆ 50 ಪಡೆದವರು ನಾಯಕ. ಆದರೆ ಮೊದಲಿಬ್ಬರ ಬೆಂಬಲಿಗರೆಲ್ಲರಿಗೂ ಎರಡನೆಯ ಆಯ್ಕೆ ಮೂರನೆಯವರೇ ಆಗಿದ್ದರೆ, ಅವರು ನೇರ ಪೈಪೋಟಿಯಲ್ಲಿ ಮೊದಲನೆಯವರನ್ನು 85–50ರಿಂದ, ಎರಡನೆಯವರನ್ನು 90–45ರಿಂದ ಸೋಲಿಸುತ್ತಾರೆ. ರಾಜಿ ಅಭ್ಯರ್ಥಿ ಎಂದು ನಾವು ಕರೆಯುವುದು ಇಂಥವರನ್ನೇ. ಎರಡನೆಯ ಆಯ್ಕೆ ಕೇಳದಿದ್ದರೆ ಅವರು ವೀಕ್ಷಕರ ಪಟ್ಟಿಯಲ್ಲಿ ಕೊನೆಯ ಹೆಸರಾಗಿ ಉಳಿಯುತ್ತಾರೆ. ಇನ್ನೊಂದು ಪ್ರಶ್ನೆಯನ್ನೂ ಸೇರಿಸಬೇಕು: ಯಾರಾದರೆ ನಿಮಗೆ ಕೆಲಸ ಮಾಡಲು ಸಾಧ್ಯವೇ ಇಲ್ಲ? ಬಹಳ ಜನರ ಒಲವಿಗಿಂತ ಕೆಲವರ ತೀವ್ರ ವಿರೋಧವೇ ಸರ್ಕಾರಗಳನ್ನು ಬೀಳಿಸಿದೆ.

ಮಾತುಕತೆಯಿಂದ ಬಗೆಹರಿಯದಿದ್ದರೆ ರಹಸ್ಯ ಮತದಾನ. 2013ರ ಮೇ 10ರಂದು ಎ.ಕೆ. ಆಂಟನಿ ನೇತೃತ್ವದ ವೀಕ್ಷಕರ ಮುಂದೆ ಕಾಂಗ್ರೆಸ್ ಶಾಸಕರು ಚೀಟಿ ಹಾಕಿ ಅಭಿಪ್ರಾಯ ತಿಳಿಸಿದರು, ಸಿದ್ದರಾಮಯ್ಯ ನಾಯಕರಾದರು. ಆಗಿನ ಕೇಂದ್ರ ಸಚಿವ ಖರ್ಗೆಯವರ ಹೆಸರೂ ಬಲವಾಗಿ ಕೇಳಿಬಂದಿತ್ತು. ಯಾರಿಗೆ ಎಷ್ಟು ಮತ ಎಂಬುದನ್ನು ಪಕ್ಷ ಹೇಳಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು, 2011ರ ಆಗಸ್ಟ್ 3ರಂದು, ಬಿಜೆಪಿಯಲ್ಲೂ ರಹಸ್ಯ ಮತದಾನ ನಡೆದಿತ್ತು. ಲೋಕಾಯುಕ್ತ ವರದಿಯ ನಂತರ ಯಡಿಯೂರಪ್ಪ ರಾಜೀನಾಮೆ ಕೊಟ್ಟಿದ್ದರು. ಅವರ ಬೆಂಬಲದ ಸದಾನಂದಗೌಡ ಒಂದು ಕಡೆ, ಜಗದೀಶ ಶೆಟ್ಟರ್ ಇನ್ನೊಂದು ಕಡೆ. ಸದಾನಂದಗೌಡರು ಗೆದ್ದರು; 66–55 ಎಂಬ ಅಂಕಿ ಕೂಡಲೇ ಪತ್ರಿಕೆಗಳಿಗೆ ಬಂತು. ಆ ಅಂಕಿ ಹೊರಗೆ ಬಂದದ್ದೇ ತೊಂದರೆಗೆ ದಾರಿಯಾಯಿತು. ಸೋತ ಬಣಕ್ಕೆ ತನ್ನ ತೂಕ ಎಷ್ಟೆಂದು ಗೊತ್ತಾಗಿ ಹೋಯಿತು: ಇನ್ನು ಆರು ಜನ ಈ ಕಡೆ ಬಂದರೆ ಸಾಕು. ಒಂದು ವರ್ಷ ತುಂಬುವ ಮೊದಲೇ, 2012ರ ಜುಲೈ 12ರಂದು ಶೆಟ್ಟರ್ ಮುಖ್ಯಮಂತ್ರಿಯಾದರು, ಈಶ್ವರಪ್ಪ ಮತ್ತು ಅಶೋಕ ಉಪಮುಖ್ಯಮಂತ್ರಿಗಳಾದರು. ಸದಾನಂದಗೌಡರನ್ನು ತಂದವರೂ ಯಡಿಯೂರಪ್ಪ, ಇಳಿಸಲು ಪಟ್ಟು ಹಿಡಿದವರೂ ಅವರೇ. ಅಂದರೆ ಚೀಟಿಯಲ್ಲಿ ಗೆದ್ದ ಹೆಸರಿನ ಹಿಂದೆ ಇದ್ದ ನಿಜವಾದ ಒಪ್ಪಂದ ಯಾರ ನಡುವೆ, ಏನೆಂದು ಎಂಬುದು ಎಲ್ಲೂ ದಾಖಲಾಗಿರಲಿಲ್ಲ. ಆ ವರ್ಷದ ಕೊನೆಗೆ ಯಡಿಯೂರಪ್ಪ ಪಕ್ಷ ಬಿಟ್ಟರು. 2013ರ ಚುನಾವಣೆಯಲ್ಲಿ ಅವರ ಹೊಸ ಪಕ್ಷ ಕೆಜೆಪಿ ಗೆದ್ದದ್ದು 6 ಸ್ಥಾನ ಮಾತ್ರ, ಆದರೆ ಶೇ 10ರ ಹತ್ತಿರ ಮತ ತೆಗೆದುಕೊಂಡಿತು. 2008ರಲ್ಲಿ 110 ಇದ್ದ ಬಿಜೆಪಿ 40ಕ್ಕೆ ಇಳಿಯಿತು.

ರಹಸ್ಯ ಮತದಾನ ಮಾಡುವುದಾದರೆ ನಿಜವಾಗಿಯೂ ರಹಸ್ಯವಾಗಿರುವಂತೆ ಮಾಡಬೇಕು. ಖಾಲಿ ಚೀಟಿ ಕೊಟ್ಟು ಹೆಸರು ಬರೆಯಿರಿ ಎಂದರೆ ಕೈಬರಹ ಗುರುತಾಗುತ್ತದೆ. ಹೆಸರುಗಳನ್ನು ಮುದ್ರಿಸಿ, ಎದುರಿಗೆ ಗುರುತು ಹಾಕುವಂತೆ ಇರಬೇಕು. ಪೆನ್ನು ಎಲ್ಲರಿಗೂ ಒಂದೇ ಬಣ್ಣದ್ದಿರಬೇಕು. ಜಿಲ್ಲಾವಾರು ಕರೆದು ಜಿಲ್ಲೆಗೊಂದು ಡಬ್ಬಿ ಇಟ್ಟರೆ ಮೂರು ಶಾಸಕರಿರುವ ಸಣ್ಣ ಜಿಲ್ಲೆಯ ಮತ ಯಾರದೆಂದು ಹೇಳಿಬಿಡಬಹುದು. ಒಂದೇ ಡಬ್ಬಿ ಇರಲಿ. ಪ್ರತಿ ಚೀಟಿಯ ಹಿಂದೆ ವೀಕ್ಷಕರ ಕಿರುಸಹಿ ಇರಬೇಕು. ಎಣಿಸಿದ ಚೀಟಿಗಳು ಮತ್ತು ಹಾಜರಾತಿ ಪುಸ್ತಕದ ಸಹಿಗಳು ತಾಳೆಯಾಗಬೇಕು. ಇಬ್ಬರು ಆಕಾಂಕ್ಷಿಗಳ ತಲಾ ಒಬ್ಬ ಪ್ರತಿನಿಧಿ ಎಣಿಕೆಯ ಮೇಜಿನ ಮುಂದೆ ಕೂರಬೇಕು. ಅಂಕಿಯನ್ನು ಆ ಇಬ್ಬರು ಆಕಾಂಕ್ಷಿಗಳಿಗೆ ಮಾತ್ರ ತಿಳಿಸಿ, ಚೀಟಿಗಳನ್ನು ಮೊಹರು ಮಾಡಬೇಕು. ಅಂಕಿಯನ್ನು ಯಾರಿಗೂ ಹೇಳದೆ ಇಟ್ಟರೆ ಅದೂ ಕೆಡಕು. ಸೋತವರು ತಾವೇ ಗೆದ್ದಿದ್ದೆವು, ಮೇಲಿನವರು ತಿರುಚಿದರು ಎಂದು ವರ್ಷಗಟ್ಟಲೆ ನಂಬಿಕೊಂಡಿರುತ್ತಾರೆ.

ಮತದಾರರು ಯಾರು ಎಂಬುದನ್ನೂ ಸಭೆಗೆ ಮೊದಲೇ ಬರೆದಿಡಬೇಕು. ಶಾಸಕಾಂಗ ಪಕ್ಷ ಎಂದರೆ ಎರಡೂ ಮನೆಗಳ ಸದಸ್ಯರು. ಆದರೆ ವಿಶ್ವಾಸಮತ ಕೇಳಬೇಕಾದದ್ದು ವಿಧಾನಸಭೆಯಲ್ಲಿ ಮಾತ್ರ. 120 ಶಾಸಕರು, 25 ಪರಿಷತ್ ಸದಸ್ಯರು ಇರುವ ಪಕ್ಷದಲ್ಲಿ ಶಾಸಕರ ಮತ 62–58 ಎಂದು ಒಬ್ಬರ ಕಡೆ, ಪರಿಷತ್ ಸದಸ್ಯರ ಮತ 4–21 ಎಂದು ಇನ್ನೊಬ್ಬರ ಕಡೆ ಬಿದ್ದರೆ, ಒಟ್ಟು 66–79. ಕೆಳಮನೆಯಲ್ಲಿ ಬಹುಮತ ಇಲ್ಲದವರು ಗೆದ್ದಂತಾಯಿತು. ಚೀಟಿ ಎಣಿಸಿದ ಮೇಲೆ ಈ ಪ್ರಶ್ನೆ ಎದ್ದರೆ ಬಗೆಹರಿಸಲು ದಾರಿಯೇ ಇರುವುದಿಲ್ಲ.

ಇಬ್ಬರಲ್ಲಿ ಯಾರನ್ನು ಮಾಡಿದರೂ ಒಡೆಯುತ್ತದೆ ಎಂದಾದಾಗ ಮೂರನೆಯವರನ್ನು ಹುಡುಕುತ್ತಾರೆ. 1983ರ ಜನವರಿಯಲ್ಲಿ ಜನತಾ ರಂಗಕ್ಕೆ 95 ಸ್ಥಾನ ಬಂದು, ಬಿಜೆಪಿಯ 18 ಮತ್ತು ಎಡಪಕ್ಷಗಳ ಬೆಂಬಲದಿಂದ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬರುವುದು ಖಚಿತವಾದಾಗ ನಾಯಕತ್ವದ ಮೇಲೆ ಕ್ರಾಂತಿ ರಂಗದ ಬಂಗಾರಪ್ಪ ಕಣ್ಣಿಟ್ಟಿದ್ದರು. ಎದ್ದು ಬಂದ ಹೆಸರು ಶಾಸಕರೇ ಅಲ್ಲದ ರಾಮಕೃಷ್ಣ ಹೆಗಡೆಯವರದು. ಅವರು ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಬಂದರು. ಹೆಗಡೆಯವರ ಸರ್ಕಾರ ಪಂಚಾಯತ್ ರಾಜ್‌ಗಾಗಿ ನೆನಪಿನಲ್ಲಿ ಉಳಿದಿದೆ; ರಾಜಿ ನಾಯಕ ಎಂದರೆ ದುರ್ಬಲ ನಾಯಕ ಎಂಬ ಮಾತು ಅದರಿಂದಲೇ ಸುಳ್ಳಾಗುತ್ತದೆ. ಆದರೆ ಬಂಗಾರಪ್ಪನವರಿಗೆ ಒಪ್ಪುವಂಥ ಪಾಲು ಸಿಗಲಿಲ್ಲ. ಅವರು ದೂರವಾಗಿ ಕಾಂಗ್ರೆಸ್‌ಗೆ ಮರಳಿದರು. ಮೂರನೆಯವರ ಆಯ್ಕೆ ಕೆಲಸ ಮಾಡುವುದು ಪೈಪೋಟಿಯಲ್ಲಿದ್ದವರಲ್ಲಿ ಒಬ್ಬರಾದರೂ ಆ ಹೆಸರನ್ನು ತಾವೇ ಸೂಚಿಸಿದಾಗ. 2021ರ ಜುಲೈ 27ರಂದು ಬಸವರಾಜ ಬೊಮ್ಮಾಯಿಯವರ ಹೆಸರನ್ನು ಸಭೆಯಲ್ಲಿ ಮಂಡಿಸಿದವರು ಹಿಂದಿನ ದಿನ ರಾಜೀನಾಮೆ ಕೊಟ್ಟಿದ್ದ ಯಡಿಯೂರಪ್ಪ. ವೀಕ್ಷಕರಾಗಿ ಬಂದ ಧರ್ಮೇಂದ್ರ ಪ್ರಧಾನ್ ಮತ್ತು ಕಿಶನ್ ರೆಡ್ಡಿ ಎದುರು ಸಭೆ ಬೇಗ ಮುಗಿಯಿತು, ಮರುದಿನ ಪ್ರಮಾಣವಚನ. ಇಳಿದವರ ಕೈಯಿಂದಲೇ ಸೂಚನೆ ಬಂದಾಗ ಅವರ ಬಣದವರಿಗೆ ಮುನಿಸು ತೋರಿಸಲು ಕಾರಣ ಉಳಿಯುವುದಿಲ್ಲ.

ಸೋತವರ ಪಾಲಿನ ವಿಷಯಕ್ಕೆ ಬಂದರೆ, ಮೊದಲ ಮಾತು ಉಪಮುಖ್ಯಮಂತ್ರಿ ಸ್ಥಾನದ್ದು. ಸಂವಿಧಾನದಲ್ಲಿ ಅಂಥ ಹುದ್ದೆಯೇ ಇಲ್ಲ. ಅದು ಅಸಾಂವಿಧಾನಿಕ ಅಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ಹೇಳಿತು. ಆದರೆ ಕಾನೂನಿನ ಕಣ್ಣಲ್ಲಿ ಅವರು ಸಚಿವರಷ್ಟೇ. ಆ ಹೆಸರಿನಿಂದ ಒಂದು ಕಡತವೂ ಹೆಚ್ಚಾಗಿ ಮೇಜಿಗೆ ಬರುವುದಿಲ್ಲ, ಮುಖ್ಯಮಂತ್ರಿ ಇಲ್ಲದಾಗ ತಾನಾಗಿ ಅಧಿಕಾರ ಸಿಗುವುದೂ ಇಲ್ಲ. ಖಾತೆ ಹಂಚುವುದು, ಖಾತೆ ಬದಲಿಸುವುದು, ಸಚಿವರನ್ನು ಕೈಬಿಡಲು ಶಿಫಾರಸು ಮಾಡುವುದು ಎಲ್ಲ ಮುಖ್ಯಮಂತ್ರಿಯ ಕೈಯಲ್ಲಿ. ಹಾಗಾಗಿ ಸಂಧಾನಕ್ಕೆ ಕೂತವರು ಪದವಿಯ ಹೆಸರು ಪಕ್ಕಕ್ಕಿಟ್ಟು ಮೂರು ಸಂಗತಿ ಕೇಳಬೇಕು: ಯಾವ ಖಾತೆ, ಸಂಪುಟದಲ್ಲಿ ನಮ್ಮವರು ಎಷ್ಟು, ಪಕ್ಷದ ಸಂಘಟನೆ ಯಾರ ಕೈಯಲ್ಲಿ. 2023ರ ಸೂತ್ರದಲ್ಲಿ ಮೂರಕ್ಕೂ ಉತ್ತರ ಇತ್ತು. ಸಿದ್ದರಾಮಯ್ಯ ಮುಖ್ಯಮಂತ್ರಿ, ಡಿ.ಕೆ. ಶಿವಕುಮಾರ್ ಒಬ್ಬರೇ ಉಪಮುಖ್ಯಮಂತ್ರಿ, ಲೋಕಸಭಾ ಚುನಾವಣೆವರೆಗೆ ಶಿವಕುಮಾರ್ ರಾಜ್ಯ ಕಾಂಗ್ರೆಸ್ (ಕೆಪಿಸಿಸಿ) ಅಧ್ಯಕ್ಷರಾಗಿಯೂ ಮುಂದುವರಿಯುತ್ತಾರೆ ಎಂದು ಪಕ್ಷದ ಪ್ರಧಾನ ಕಾರ್ಯದರ್ಶಿ ಕೆ.ಸಿ. ವೇಣುಗೋಪಾಲ್ ಮೇ 18ರಂದು ಪತ್ರಕರ್ತರ ಮುಂದೆ ಹೇಳಿದರು. ಒಬ್ಬರೇ ಎಂಬ ಪದಕ್ಕೆ ಬೆಲೆ ಇದೆ; ಎರಡನೆಯ ಉಪಮುಖ್ಯಮಂತ್ರಿಯನ್ನು ತಂದರೆ ಮೊದಲನೆಯವರ ಪಾಲು ಅರ್ಧವಾಗುತ್ತದೆ. ಜಲಸಂಪನ್ಮೂಲ ಮತ್ತು ಬೆಂಗಳೂರು ಅಭಿವೃದ್ಧಿ ಖಾತೆಗಳು ಶಿವಕುಮಾರ್ ಅವರಿಗೆ ಬಂದವು.

ಸಂಪುಟದ ಲೆಕ್ಕ ಬಿಗಿಯಾದದ್ದು. 2003ರ 91ನೇ ತಿದ್ದುಪಡಿಯ ಪ್ರಕಾರ ಮುಖ್ಯಮಂತ್ರಿ ಸೇರಿ ಸಚಿವರ ಸಂಖ್ಯೆ ವಿಧಾನಸಭೆಯ ಬಲದ ಶೇ 15 ಮೀರುವಂತಿಲ್ಲ. ಕರ್ನಾಟಕದಲ್ಲಿ ಅದು 34. 135 ಶಾಸಕರಿಗೆ ಹಂಚಿದರೆ ನಾಲ್ವರಲ್ಲಿ ಒಬ್ಬರಿಗೆ ಸಿಗುತ್ತದೆ, ನೂರಕ್ಕೂ ಹೆಚ್ಚು ಜನ ಹೊರಗೆ ಉಳಿಯುತ್ತಾರೆ. ಮೇ 20ರಂದು ಹತ್ತು ಜನ, 27ರಂದು ಉಳಿದ 24 ಜನ ಪ್ರಮಾಣವಚನ ತೆಗೆದುಕೊಂಡರು. ಒಂದೇ ವಾರದಲ್ಲಿ 34 ಭರ್ತಿ. ಎಲ್ಲ ಸ್ಥಾನ ಒಮ್ಮೆಲೇ ತುಂಬುವುದರಲ್ಲಿ ಲಾಭವೂ ಇದೆ, ಅಪಾಯವೂ ಇದೆ. ಖಾಲಿ ಇಟ್ಟ ಎರಡು ಮೂರು ಸ್ಥಾನಗಳ ಆಸೆಯಲ್ಲಿ ಮೂವತ್ತು ಜನ ಶಿಸ್ತಾಗಿರುತ್ತಾರೆ ಎಂಬುದು ಹಳೆಯ ನಂಬಿಕೆ, ಆದರೆ ಹಾಗೆ ಕಾದವರೇ ಆಮೇಲೆ ಭಿನ್ನಮತೀಯರಾಗುತ್ತಾರೆ. ಖಾಲಿ ಇಡದೆ ಹೋದರೆ ಪುನಾರಚನೆಯ ದಿನ ಯಾರನ್ನಾದರೂ ಕೈಬಿಡಲೇಬೇಕು. ನನ್ನ ಮಟ್ಟಿಗೆ ಎರಡನೆಯದೇ ಮೇಲು: ಇಂಥ ತಿಂಗಳಲ್ಲಿ ಪುನಾರಚನೆ ಎಂದು ಮೊದಲ ದಿನವೇ ಹೇಳಿಬಿಟ್ಟರೆ ಒಳಗಿರುವವರಿಗೂ ಹೊರಗಿರುವವರಿಗೂ ತಿಳಿದಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಅವಧಿ ಹಂಚಿಕೆಯಲ್ಲಿ. ಎರಡೂವರೆ ವರ್ಷ ನೀವು, ಎರಡೂವರೆ ವರ್ಷ ನಾವು. ಕೇಳಲು ಇದಕ್ಕಿಂತ ಸರಳವಾದ ರಾಜಿ ಇಲ್ಲ. ಕರ್ನಾಟಕಕ್ಕೆ ಇದರ ಕಹಿ ಚೆನ್ನಾಗಿ ಗೊತ್ತು. 2006ರ ಫೆಬ್ರುವರಿ 3ರಂದು ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಉಪಮುಖ್ಯಮಂತ್ರಿ. ಇಪ್ಪತ್ತು ತಿಂಗಳ ನಂತರ ಅದಲು ಬದಲು ಎಂಬುದು ಜೆಡಿಎಸ್–ಬಿಜೆಪಿ ಒಪ್ಪಂದ. 2007ರ ಅಕ್ಟೋಬರ್ ಬಂದಾಗ ಹಸ್ತಾಂತರ ಆಗಲಿಲ್ಲ. ಸರ್ಕಾರ ಬಿತ್ತು, ರಾಷ್ಟ್ರಪತಿ ಆಳ್ವಿಕೆ ಬಂತು. ಮತ್ತೆ ಮಾತುಕತೆಯಾಗಿ ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. ಹೊಸ ಷರತ್ತುಗಳು ಎದುರಾದವು, ಜೆಡಿಎಸ್ ಬೆಂಬಲ ಸಿಗಲಿಲ್ಲ, 19ರಂದು ರಾಜೀನಾಮೆ. ಮಾತು ತಪ್ಪಿದರು ಎಂಬ ಒಂದೇ ಮಾತಿನ ಮೇಲೆ ಬಿಜೆಪಿ 2008ರ ಚುನಾವಣೆ ಎದುರಿಸಿ 110 ಗೆದ್ದಿತು, ಜೆಡಿಎಸ್ 58ರಿಂದ 28ಕ್ಕೆ ಇಳಿಯಿತು.

ಹಾಗಂತ ಅವಧಿ ಹಂಚಿಕೆ ಎಂದೂ ನಡೆಯುವುದಿಲ್ಲ ಎನ್ನುವುದು ತಪ್ಪು. ಜಮ್ಮು–ಕಾಶ್ಮೀರದಲ್ಲಿ 2002ರ ನವೆಂಬರ್ 2ರಂದು ಪಿಡಿಪಿಯ ಮುಫ್ತಿ ಮೊಹಮ್ಮದ್ ಸಯೀದ್ ಮುಖ್ಯಮಂತ್ರಿಯಾದರು, ಸರಿಯಾಗಿ ಮೂರು ವರ್ಷದ ನಂತರ 2005ರ ನವೆಂಬರ್ 2ರಂದು ಕಾಂಗ್ರೆಸ್‌ನ ಗುಲಾಂ ನಬಿ ಆಜಾದ್ ಆದರು. ಐರ್ಲೆಂಡ್‌ನಲ್ಲಿ 2020ರ ಜೂನ್‌ನಲ್ಲಿ ಮೂರು ಪಕ್ಷಗಳು ಸೇರಿದಾಗ ಪ್ರಧಾನಿ ಮೀಹಾಲ್ ಮಾರ್ಟಿನ್ 2022ರ ಡಿಸೆಂಬರ್ 15ರವರೆಗೆ, ಆಮೇಲೆ ಲಿಯೋ ವರಾಡ್ಕರ್ ಎಂದು ಒಪ್ಪಂದದಲ್ಲೇ ದಿನಾಂಕ ಇತ್ತು. ಆ ಒಪ್ಪಂದವನ್ನು ಮೂರೂ ಪಕ್ಷಗಳ ಸದಸ್ಯರು ಮತ ಹಾಕಿ ಒಪ್ಪಿದ್ದರು. ಡಿಸೆಂಬರ್ 17ಕ್ಕೆ ಹಸ್ತಾಂತರ ಮುಗಿಯಿತು. ಈ ಎರಡಕ್ಕೂ ಸಾಮಾನ್ಯವಾದದ್ದು, ಒಪ್ಪಂದ ಸಾರ್ವಜನಿಕವಾಗಿತ್ತು ಮತ್ತು ಅವಧಿ ಎಷ್ಟೆಂಬುದರಲ್ಲಿ ಎರಡು ಅರ್ಥ ಇರಲಿಲ್ಲ. ಇಸ್ರೇಲ್‌ನಲ್ಲಿ ಅದೇ 2020ರಲ್ಲಿ ನೆತನ್ಯಾಹು ಮತ್ತು ಗಾಂಟ್ಸ್ ಪ್ರಧಾನಿ ಸ್ಥಾನವನ್ನು ಸರದಿಯಲ್ಲಿ ಹಂಚಿಕೊಳ್ಳುವ ಒಪ್ಪಂದವನ್ನು ಅಲ್ಲಿ ಸಂವಿಧಾನದಂತಿರುವ ಮೂಲ ಕಾನೂನಿಗೇ ಸೇರಿಸಿದರು. ಆದರೂ ಗಾಂಟ್ಸ್ ಸರದಿ ಬರಲಿಲ್ಲ. ಬಜೆಟ್ ಅಂಗೀಕಾರವಾಗದಿದ್ದರೆ ಸಂಸತ್ತು ತಾನಾಗಿ ವಿಸರ್ಜನೆಯಾಗುತ್ತದೆ ಎಂಬ ನಿಯಮ ಇತ್ತು. ಬಜೆಟ್ ಅಂಗೀಕಾರವಾಗಲಿಲ್ಲ, 2020ರ ಡಿಸೆಂಬರ್‌ನಲ್ಲಿ ಸಂಸತ್ತು ವಿಸರ್ಜನೆಯಾಯಿತು. ಮೊದಲ ಸರದಿಯವರ ಕೈಯಲ್ಲಿ ಆಟವನ್ನೇ ನಿಲ್ಲಿಸುವ ಅಧಿಕಾರ ಉಳಿದಿದ್ದರೆ ಎಷ್ಟು ಗಟ್ಟಿ ಕಾಗದವೂ ಸಾಲದು.

ಒಂದೇ ಪಕ್ಷದೊಳಗಿನ ಹಂಚಿಕೆ ಇನ್ನೂ ಕಷ್ಟ, ಏಕೆಂದರೆ ಎರಡನೆಯವರಿಗೆ ಬೆಂಬಲ ಹಿಂತೆಗೆದುಕೊಳ್ಳುವ ಅಸ್ತ್ರವೇ ಇಲ್ಲ. ಛತ್ತೀಸಗಢದಲ್ಲಿ 2018ರಿಂದ ಕಾಂಗ್ರೆಸ್ ಮುಖ್ಯಮಂತ್ರಿ ಭೂಪೇಶ್ ಬಘೇಲ್ ಮತ್ತು ಅದೇ ಪಕ್ಷದ ಟಿ.ಎಸ್. ಸಿಂಗ್ ದೇವ್ ನಡುವೆ ಎರಡೂವರೆ ವರ್ಷದ ಮಾತು ಆಗಿತ್ತೋ ಇಲ್ಲವೋ ಎಂಬ ಚರ್ಚೆಯಲ್ಲೇ ಅವಧಿ ಕಳೆಯಿತು. ಸಿಂಗ್ ದೇವ್ ಉಪಮುಖ್ಯಮಂತ್ರಿಯಾದದ್ದು 2023ರ ಜೂನ್‌ನಲ್ಲಿ, ಚುನಾವಣೆಗೆ ಕೆಲವೇ ತಿಂಗಳಿರುವಾಗ. ಆ ವರ್ಷದ ಕೊನೆಗೆ ಪಕ್ಷ ಅಧಿಕಾರ ಕಳೆದುಕೊಂಡಿತು. ಕರ್ನಾಟಕದ 2023ರ ಪ್ರಕಟಣೆಯಲ್ಲೂ ಅವಧಿಯ ಬಗ್ಗೆ ಒಂದು ಪದ ಇರಲಿಲ್ಲ. ಒಪ್ಪಂದ ಇದ್ದರೆ ಇದೆ ಎನ್ನಿ, ಇಲ್ಲದಿದ್ದರೆ ಇಲ್ಲ ಎನ್ನಿ. ಎರಡೂ ಹೇಳದೆ ಬಿಟ್ಟರೆ ಪ್ರತಿ ಆರು ತಿಂಗಳಿಗೊಮ್ಮೆ ಶಾಸಕರು ತಮ್ಮ ತಮ್ಮ ನಾಯಕರ ಪರ ಹೇಳಿಕೆ ಕೊಡಲು ಶುರುಮಾಡುತ್ತಾರೆ, ಅಧಿಕಾರಿಗಳು ಕಡತಗಳನ್ನು ತಡೆಹಿಡಿದು ಮುಂದಿನವರು ಯಾರೆಂದು ನೋಡುತ್ತಾರೆ. ಇಂಥ ಒಪ್ಪಂದವನ್ನು ಯಾವ ನ್ಯಾಯಾಲಯವೂ ಜಾರಿ ಮಾಡಿಕೊಡುವುದಿಲ್ಲ. ದಿನಾಂಕ ಹಾಕದ ರಾಜೀನಾಮೆ ಪತ್ರ ಬರೆಸಿಟ್ಟುಕೊಳ್ಳುವ ಹಳೆಯ ಉಪಾಯವೂ ನಿಲ್ಲುವುದಿಲ್ಲ. ಶಾಸಕ ಸ್ಥಾನದ ರಾಜೀನಾಮೆಯಾದರೆ ಅದು ಸ್ವಇಚ್ಛೆಯದೇ, ನೈಜವೇ ಎಂದು 190(3)ನೇ ವಿಧಿಯ ಪ್ರಕಾರ ಸ್ಪೀಕರ್ ನೋಡಲೇಬೇಕು. ಉಳಿಯುವುದು ಒಂದೇ ಕಾವಲು: ಕಾಗದದಲ್ಲಿ ದಿನಾಂಕ, ಇಬ್ಬರ ಸಹಿ, ಸಾಕ್ಷಿಯಾಗಿ ಇಬ್ಬರೂ ಮೀರಲಾಗದ ಒಬ್ಬರು, ಮತ್ತು ಅಂದೇ ಸಾರ್ವಜನಿಕ ಪ್ರಕಟಣೆ. ಹಸ್ತಾಂತರದ ದಿನವನ್ನು ಬಜೆಟ್ ಅಧಿವೇಶನಕ್ಕೂ ದೊಡ್ಡ ಚುನಾವಣೆಗೂ ಅಂಟಿಸಬಾರದು; ಅವುಗಳ ನೆಪದಲ್ಲಿ ಮುಂದೂಡುವುದು ಬಹಳ ಸುಲಭ.

ಮೇಲಿನವರೇ ಎಲ್ಲ ತೀರ್ಮಾನಿಸಿದರೆ ರಗಳೆ ಇರುವುದಿಲ್ಲ ಎನ್ನುವವರು 1990 ನೆನಪಿಸಿಕೊಳ್ಳಬೇಕು. 1989ರಲ್ಲಿ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತ್ತು. 1990ರ ಅಕ್ಟೋಬರ್‌ನಲ್ಲಿ ಪಾಟೀಲರು ಅನಾರೋಗ್ಯದಲ್ಲಿದ್ದಾಗ ನಾಯಕತ್ವ ಬದಲಾವಣೆಯನ್ನು ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಘೋಷಿಸಿದರು. ಬಂಗಾರಪ್ಪ ಬಂದರು, 1992ರಲ್ಲಿ ಅವರೂ ಹೋಗಿ ವೀರಪ್ಪ ಮೊಯಿಲಿ ಬಂದರು. 1994ರಲ್ಲಿ ಪಕ್ಷಕ್ಕೆ ಸಿಕ್ಕಿದ್ದು 34. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಲಿಂಗಾಯತ ಮತದಾರರು ಕಾಂಗ್ರೆಸ್‌ನಿಂದ ದೂರ ಸರಿದದ್ದರ ಮೊದಲ ಕಾರಣವಾಗಿ ಆ ದಿನವನ್ನು ಇಂದಿಗೂ ಹೇಳುತ್ತಾರೆ. ಇಳಿಸುವ ರೀತಿಗೂ ಒಂದು ಮರ್ಯಾದೆ ಬೇಕು. ಶಾಸಕಾಂಗ ಪಕ್ಷದ ಸಭೆ ಕರೆದು, ಇಳಿಯುವವರೇ ರಾಜೀನಾಮೆ ಪ್ರಕಟಿಸಿ, ಹೊಸ ಹೆಸರನ್ನು ಅವರೇ ಸೂಚಿಸಲು ಒಂದು ದಿನ ಹೆಚ್ಚು ಸಾಕು.

ಜಗಳ ಸಭೆಯಲ್ಲಿ ಮುಗಿಯದೆ ರಾಜಭವನಕ್ಕೆ ಹೋದರೆ ಅದು ಯಾರ ಕೈಯಲ್ಲೂ ಇರುವುದಿಲ್ಲ. 1989ರ ಏಪ್ರಿಲ್‌ನಲ್ಲಿ ಶಾಸಕ ಕೆ.ಆರ್. ಮೊಳಕೇರಿ ತಾವು ಜನತಾದಳ ಬಿಟ್ಟಿರುವುದಾಗಿ ತಿಳಿಸಿ, ಬೆಂಬಲ ಹಿಂತೆಗೆದುಕೊಂಡ 19 ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಕೊಟ್ಟರು. ಆ ಪತ್ರಗಳಿಗೆ ಸಹಿ ಹಾಕಿದವರಲ್ಲಿ ಏಳು ಜನ ಮರುದಿನವೇ ತಮ್ಮ ಸಹಿಯನ್ನು ತಪ್ಪು ಹೇಳಿ ಪಡೆದಿದ್ದಾರೆ ಎಂದರು. ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಸರ್ಕಾರ ವಜಾ ಆಯಿತು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಐದು ವರ್ಷ ಕಳೆದಿತ್ತು.

ಆಯ್ಕೆ ಮುಗಿದ ಮೇಲೆ ಸಿದ್ಧವಾಗುವ ಪತ್ರಗಳ ವಿಷಯದಲ್ಲಿ ಈಗ ಹೊಸ ಎಚ್ಚರ ಬೇಕು. ಮಹಾರಾಷ್ಟ್ರದ ಶಿವಸೇನೆ ವಿವಾದದಲ್ಲಿ, ಸುಭಾಷ್ ದೇಸಾಯಿ ಪ್ರಕರಣ ಎಂದು ಕರೆಯುವ ಆ ತೀರ್ಪಿನಲ್ಲಿ, 2023ರ ಮೇ 11ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಒಂದು ಮಾತು ಸ್ಪಷ್ಟಪಡಿಸಿತು: ಸದನದಲ್ಲಿ ಪಕ್ಷದ ನಾಯಕನನ್ನೂ ವಿಪ್ ಹೊರಡಿಸುವ ಮುಖ್ಯ ಸಚೇತಕನನ್ನೂ ನೇಮಿಸುವುದು ರಾಜಕೀಯ ಪಕ್ಷ, ಶಾಸಕಾಂಗ ಪಕ್ಷ ಅಲ್ಲ. ಅಂದರೆ ಶಾಸಕರೆಲ್ಲ ಸೇರಿ ಸಹಿ ಹಾಕಿದ ನಿರ್ಣಯ ಮಾತ್ರ ಇದ್ದು, ಅದನ್ನು ಪಕ್ಷದ ಅಧ್ಯಕ್ಷರು ಅನುಮೋದಿಸಿದ ಪತ್ರ ಇಲ್ಲದಿದ್ದರೆ ಮುಂದೆ ಪಕ್ಷ ಒಡೆದಾಗ ಯಾರ ವಿಪ್ ನಿಜವಾದದ್ದು ಎಂಬ ಪ್ರಶ್ನೆ ಏಳುತ್ತದೆ. ಹಾಗಾಗಿ ಸ್ಪೀಕರ್‌ಗೆ ಹೋಗುವ ಕಡತದಲ್ಲಿ ಸಭೆಯ ನಡಾವಳಿ, ಹಾಜರಾತಿಯ ಪ್ರತಿ, ಪಕ್ಷದ ಅಧ್ಯಕ್ಷರ ಸಹಿಯ ನೇಮಕ ಪತ್ರ ಮೂರೂ ಇರಬೇಕು. ನಾಯಕನಿಗೊಂದು, ಮುಖ್ಯ ಸಚೇತಕನಿಗೊಂದು ಪ್ರತ್ಯೇಕ ಪತ್ರ. ಸಾಧ್ಯವಾದರೆ ಸಚೇತಕ ಸೋತ ಬಣದವರಾಗಿರಲಿ. ವಿಪ್ ಹೊರಡಿಸುವವರು ತಮ್ಮವರೇ ಎಂದಾಗ ಆ ಬಣದ ಶಾಸಕರು ಅದನ್ನು ನಾಯಕನ ಬೆದರಿಕೆ ಎಂದು ಓದುವುದಿಲ್ಲ. ಯಾರಾದರೂ ವಿಪ್ ಮೀರಿ ಮತ ಹಾಕಿದರೆ ಹದಿನೈದು ದಿನದೊಳಗೆ ಪಕ್ಷ ಅದನ್ನು ಮನ್ನಿಸಬಹುದು ಎಂಬ ಅವಕಾಶ ಹತ್ತನೇ ಅನುಸೂಚಿಯಲ್ಲೇ ಇದೆ; ಸಿಟ್ಟಿನಲ್ಲಿ ದೂರು ಕೊಡುವ ಮೊದಲು ಆ ಹದಿನೈದು ದಿನಗಳನ್ನು ಮಾತುಕತೆಗೆ ಬಳಸಬೇಕು.

ಸ್ಪೀಕರ್ ಸ್ಥಾನವನ್ನು ಸಮಾಧಾನದ ಬಹುಮಾನವಾಗಿ ಕೊಡುವುದು ಮಾತ್ರ ಬೇಡ. ಮಂತ್ರಿಗಿರಿ ಸಿಗದ ಹಿರಿಯರನ್ನು ಒಪ್ಪಿಸಿ ಆ ಕುರ್ಚಿಯಲ್ಲಿ ಕೂರಿಸುವ ರೂಢಿ ಎಲ್ಲ ಪಕ್ಷಗಳಲ್ಲೂ ಇದೆ. ಅನರ್ಹತೆಯ ದೂರುಗಳನ್ನು ತೀರ್ಮಾನಿಸಬೇಕಾದ ಜಾಗ ಅದು. 2018ರ ಮೈತ್ರಿಯಲ್ಲಿ 37 ಸ್ಥಾನದ ಜೆಡಿಎಸ್‌ಗೆ ಮುಖ್ಯಮಂತ್ರಿ ಸ್ಥಾನ ಬಿಟ್ಟುಕೊಟ್ಟ ಕಾಂಗ್ರೆಸ್ ಸ್ಪೀಕರ್ ಸ್ಥಾನವನ್ನು ಬಿಡಲಿಲ್ಲ, ಉಪಸಭಾಧ್ಯಕ್ಷ ಸ್ಥಾನ ಜೆಡಿಎಸ್‌ಗೆ ಹೋಯಿತು. ಮರುವರ್ಷ ಜುಲೈನಲ್ಲಿ ಶಾಸಕರ ರಾಜೀನಾಮೆಗಳ ಸುರಿಮಳೆಯಾದಾಗ ಸದನದ ಇಡೀ ಗಮನ ಆ ಒಂದು ಕುರ್ಚಿಯ ಮೇಲಿತ್ತು. ಸರ್ಕಾರ 99–105ರಿಂದ ಬಿತ್ತು, 17 ಶಾಸಕರು ಅನರ್ಹರಾದರು.

ವಿರೋಧ ಪಕ್ಷದ ನಾಯಕನ ಆಯ್ಕೆಗೂ ಇದೇ ಕ್ರಮ ಅನ್ವಯಿಸುತ್ತದೆ, ಆದರೆ ಅಲ್ಲಿ ಪ್ರಮಾಣವಚನದ ಗಡುವು ಇಲ್ಲದ್ದರಿಂದ ವಿಳಂಬ ಹೆಚ್ಚು. 2023ರಲ್ಲಿ 66 ಶಾಸಕರಿದ್ದ ಬಿಜೆಪಿ ತನ್ನ ಶಾಸಕಾಂಗ ಪಕ್ಷದ ನಾಯಕನಾಗಿ ಆರ್. ಅಶೋಕ ಅವರನ್ನು ಆರಿಸಿದ್ದು ನವೆಂಬರ್ 17ರಂದು, ಫಲಿತಾಂಶ ಬಂದು ಆರು ತಿಂಗಳ ಮೇಲೆ. ಒಂದು ವಾರ ಮೊದಲು ವಿಜಯೇಂದ್ರ ರಾಜ್ಯಾಧ್ಯಕ್ಷರಾಗಿದ್ದರು. ಎರಡು ಹುದ್ದೆಗಳನ್ನು ಜೋಡಿಯಾಗಿ ತೀರ್ಮಾನಿಸಬೇಕೆಂದು ಕಾದದ್ದು ವಿಳಂಬಕ್ಕೆ ಒಂದು ಕಾರಣ. ಜೋಡಿ ತೀರ್ಮಾನ ತಪ್ಪಲ್ಲ, ಎರಡು ಸಮುದಾಯ ಅಥವಾ ಎರಡು ಬಣಗಳ ನಡುವೆ ಪಾಲು ಹೊಂದಿಸಲು ಅದು ಸರಿಯಾದ ದಾರಿಯೇ. ಆದರೆ ಅದರ ನಡುವೆ ಜುಲೈನ ಬಜೆಟ್ ಅಧಿವೇಶನ ಅಧಿಕೃತ ವಿರೋಧ ಪಕ್ಷದ ನಾಯಕನಿಲ್ಲದೆ ನಡೆದುಹೋಯಿತು. ಇಂಥ ಸಂದರ್ಭದಲ್ಲಿ ಪಕ್ಷ ಮಾಡಬಹುದಾದದ್ದು ಒಂದಿದೆ: ಅಧಿವೇಶನ ಮುಗಿಯುವವರೆಗೆ ಎಂದು ಅವಧಿ ಬರೆದು, ನಾಯಕತ್ವದ ಆಕಾಂಕ್ಷೆ ಇಲ್ಲದ ಹಿರಿಯ ಸದಸ್ಯರೊಬ್ಬರ ಹೆಸರನ್ನು ಸ್ಪೀಕರ್‌ಗೆ ಕಳಿಸುವುದು, ಅದೇ ಪತ್ರದಲ್ಲಿ ಕಾಯಂ ಆಯ್ಕೆಯ ಸಭೆಯ ದಿನಾಂಕವನ್ನೂ ನಮೂದಿಸುವುದು.